ಗೆಳೆಯನಿಗೊಂದು ಪತ್ರ: ಆ ಫಲಕದಲ್ಲಿ ಇಲ್ಲದ ಹೆಸರು

ಪ್ರಿಯ ರಘು,

ನಿನ್ನ ಕಾಗದ ಓದಿ ಖುಷಿಯಾಯಿತು. ಎಂಟನೇ ಕ್ಲಾಸಿನ ಮಕ್ಕಳು ಒಳ್ಳೇ ಪ್ರಶ್ನೆಯನ್ನೇ ಕೇಳಿದ್ದಾರೆ. ಮೊದಲ ಉಪಗ್ರಹ ರಷ್ಯಾದ್ದು, ಮೊದಲ ಗಗನಯಾತ್ರಿ ರಷ್ಯಾದವನು, ಮೊದಲ ಮಹಿಳೆಯೂ ಅಲ್ಲಿಯವಳೇ. ಹಾಗಿದ್ದ ಮೇಲೆ ಚಂದ್ರನ ಮೇಲೆ ಮೊದಲು ಕಾಲಿಟ್ಟವರು ಅಮೆರಿಕದವರು ಹೇಗಾದರು?

ನೇರ ಉತ್ತರ ಬೇಕಾದರೆ ಇಷ್ಟು ಹೇಳು. ಸೋವಿಯತ್ ರಾಕೆಟ್ ಕೆಲಸಕ್ಕೆಲ್ಲ ಬೆನ್ನೆಲುಬಾಗಿದ್ದ ಸೆರ್ಗೆಯ್ ಕೊರೊಲೆವ್ 1966ರ ಜನವರಿಯಲ್ಲಿ ತೀರಿಕೊಂಡರು. ಚಂದ್ರನಿಗೆ ಹೋಗಲೆಂದೇ ಕಟ್ಟಿದ ಎನ್-1 ರಾಕೆಟ್ಟಿನ ಮೊದಲ ಹಂತದಲ್ಲೇ 30 ಎಂಜಿನ್ ಇದ್ದವು. ನಾಲ್ಕು ಸಲ ಹಾರಿಸಿದರು, ನಾಲ್ಕು ಸಲವೂ ಕೈಕೊಟ್ಟಿತು. ಅಲ್ಲಿನ ದೊಡ್ಡ ದೊಡ್ಡ ಎಂಜಿನಿಯರುಗಳಿಗೆ ಒಬ್ಬರ ಮುಖ ಕಂಡರೆ ಒಬ್ಬರಿಗೆ ಆಗುತ್ತಿರಲಿಲ್ಲ. ಆ ಕಡೆ ಅಮೆರಿಕ 1961ರ ಮೇ 25ರಂದು ಕೆನಡಿ ಸಂಸತ್ತಿನಲ್ಲಿ ಮಾತು ಕೊಟ್ಟ ಮೇಲೆ ದುಡ್ಡು, ಜನ, ಕಾರ್ಖಾನೆ ಎಲ್ಲವನ್ನೂ ಒಂದೇ ಗುರಿಗೆ ಹಾಕಿತು. ಪರೀಕ್ಷೆಯಲ್ಲಿ ಬರೆಯಲು ಇಷ್ಟು ಸಾಕು.

ಆದರೆ ನಾನು ಇಷ್ಟುದ್ದ ಬರೆಯಲು ಕೂತಿರುವುದು ಅದಕ್ಕಲ್ಲ. ಯಾರು ಗೆದ್ದರು, ಯಾರು ಸೋತರು ಅನ್ನುವುದಕ್ಕಿಂತ ನನ್ನನ್ನು ಜಾಸ್ತಿ ಕಾಡುವುದು ಇನ್ನೊಂದು ಸಂಗತಿ. ಈ ಪೈಪೋಟಿಯಲ್ಲಿ ಒಂದು ಕಡೆಯವರು ಜೀವ ಕೊಟ್ಟು ಕಲಿತ ಪಾಠ ಇನ್ನೊಂದು ಕಡೆಯವರಿಗೆ ತಲುಪಲೇ ಇಲ್ಲ.

ವಲೆಂತಿನ್ ಬೊಂದಾರೆಂಕೋ ಅನ್ನುವ ಹೆಸರು ನೀನು ಕೇಳಿರಲಿಕ್ಕಿಲ್ಲ. ಹಾರ್ಕಿವ್ ಊರಿನ ಹುಡುಗ, ವಾಯುಪಡೆಯ ಪೈಲಟ್. 1960ರಲ್ಲಿ ಸೋವಿಯತ್ ಒಕ್ಕೂಟ ಆರಿಸಿಕೊಂಡ ಮೊದಲ 20 ಗಗನಯಾತ್ರಿಗಳ ಗುಂಪಿನಲ್ಲಿ ಎಲ್ಲರಿಗಿಂತ ಚಿಕ್ಕವನು. ಮದುವೆಯಾಗಿತ್ತು, ಪುಟ್ಟ ಮಗನೂ ಇದ್ದ. ಆ ಗುಂಪಿನಲ್ಲಿ ಎಲ್ಲರೂ ಒಂದು ತರಬೇತಿ ಮುಗಿಸಬೇಕಿತ್ತು. ಸದ್ದು ಬಾರದ, ಮುಚ್ಚಿದ ಕೋಣೆಯೊಂದರಲ್ಲಿ ದಿನಗಟ್ಟಲೆ ಒಬ್ಬರೇ ಇರುವುದು. ಒಂಟಿಯಾಗಿದ್ದರೆ ಮನಸ್ಸು ಏನಾಗುತ್ತದೆ ಎಂದು ವೈದ್ಯರು ಹೊರಗಿನಿಂದ ಗಮನಿಸುತ್ತಿದ್ದರು. ಕೋಣೆಯೊಳಗೆ ಗಾಳಿಯ ಒತ್ತಡ ಕಡಿಮೆ, ಆಮ್ಲಜನಕ ಮಾತ್ರ ಮಾಮೂಲಿಗಿಂತ ತುಂಬಾ ಜಾಸ್ತಿ.

1961ರ ಮಾರ್ಚ್ 23. ಅವತ್ತಿನ ಪರೀಕ್ಷೆ ಮುಗಿಸಿದ ಬೊಂದಾರೆಂಕೋ ಮೈಗೆ ಅಂಟಿಸಿದ್ದ ಸೆನ್ಸಾರ್‌ಗಳನ್ನು ಕಿತ್ತ. ಅಂಟು ಉಳಿದಿದ್ದ ಜಾಗವನ್ನು ಸ್ಪಿರಿಟ್ಟಿನಲ್ಲಿ ಅದ್ದಿದ ಹತ್ತಿಯಿಂದ ಒರೆಸಿಕೊಂಡ. ಹತ್ತಿಯನ್ನು ನೋಡದೆ ಪಕ್ಕಕ್ಕೆ ಎಸೆದ. ಅದು ಹೋಗಿ ಬಿದ್ದದ್ದು ಅಡುಗೆಗೆಂದು ಇಟ್ಟಿದ್ದ ವಿದ್ಯುತ್ ಒಲೆಯ ಕಾದ ಸುರುಳಿಯ ಮೇಲೆ. ಸಾಮಾನ್ಯ ಗಾಳಿಯಲ್ಲಾಗಿದ್ದರೆ ಕಾಲಲ್ಲಿ ತುಳಿದು ಆರಿಸಬಹುದಾದಷ್ಟು ಬೆಂಕಿ. ಅಷ್ಟು ಆಮ್ಲಜನಕದಲ್ಲಿ ಅದು ಕ್ಷಣದಲ್ಲಿ ಅವನ ಬಟ್ಟೆಗೆ ಹತ್ತಿತು. ಒಳಗಿನ ಹೊರಗಿನ ಒತ್ತಡ ಸಮ ಆಗುವ ತನಕ ಬಾಗಿಲು ತೆಗೆಯಲು ಬರುತ್ತಿರಲಿಲ್ಲ. ಹೊರಗಿದ್ದವರು ಕಾಯಬೇಕಾಯಿತು. ತೆಗೆದಾಗ ಅವನಿಗೆ ಪ್ರಜ್ಞೆ ಇತ್ತಂತೆ. ತಪ್ಪು ನನ್ನದೇ, ಬೇರೆ ಯಾರನ್ನೂ ದೂರಬೇಡಿ ಎಂದು ಹೇಳುತ್ತಿದ್ದನಂತೆ. ಆಸ್ಪತ್ರೆಯಲ್ಲಿ ಕೆಲವೇ ಗಂಟೆಗಳಲ್ಲಿ ತೀರಿಕೊಂಡ. ಅವನಿಗೆ 24 ವರ್ಷ.

ಇದಾಗಿ 20 ದಿನಕ್ಕೆ, ಏಪ್ರಿಲ್ 12ರಂದು, ಅದೇ ಗುಂಪಿನ ಯೂರಿ ಗಗಾರಿನ್ 108 ನಿಮಿಷದಲ್ಲಿ ಭೂಮಿಗೆ ಒಂದು ಸುತ್ತು ಹಾಕಿ ಬಂದ. ಜಗತ್ತೆಲ್ಲ ಕುಣಿಯಿತು. ಬೊಂದಾರೆಂಕೋ ಅನ್ನುವವನೊಬ್ಬ ಇದ್ದ ಎಂಬುದನ್ನೇ ಸರ್ಕಾರ ಮುಚ್ಚಿಟ್ಟಿತು.

ಮುಚ್ಚಿಟ್ಟದ್ದು ಅದೊಂದೇ ಅಲ್ಲ ಬಿಡು. ಗಗಾರಿನ್ ನೌಕೆಯೊಳಗೆ ಕೂತು ಇಳಿದವನಲ್ಲ. ಸುಮಾರು 7 ಕಿಲೋಮೀಟರ್ ಎತ್ತರದಲ್ಲಿ ಆಸನದ ಸಮೇತ ಹೊರಗೆ ಹಾರಿ, ತನ್ನದೇ ಪ್ಯಾರಾಚೂಟಿನಲ್ಲಿ ಇಳಿದ. ಪೈಲಟ್ ವಾಹನದ ಜೊತೆಗೇ ಇಳಿಯದಿದ್ದರೆ ಅಂತಾರಾಷ್ಟ್ರೀಯ ದಾಖಲೆಗೆ ತಕರಾರು ಬರಬಹುದು ಎಂದು ಅದನ್ನೂ ಎಷ್ಟೋ ವರ್ಷ ಹೇಳಲಿಲ್ಲ. ವಾಪಸ್ ಬರುವಾಗ ನೌಕೆಯ ಹಿಂಭಾಗ ಪೂರ್ತಿ ಕಳಚಿಕೊಳ್ಳದೆ ತಂತಿಯಲ್ಲಿ ಸಿಕ್ಕಿಕೊಂಡು ಎರಡೂ ಒಟ್ಟಿಗೆ ಗಿರಗಿರ ತಿರುಗಿದ್ದನ್ನೂ ಹೇಳಲಿಲ್ಲ. ಕೊರೊಲೆವ್ ಹೆಸರನ್ನೇ ಅವರು ಸಾಯುವ ತನಕ ಹೊರಗೆ ಬಿಡಲಿಲ್ಲ. ಪತ್ರಿಕೆಗಳಲ್ಲಿ ಬರೀ 'ಪ್ರಧಾನ ವಿನ್ಯಾಸಕ' ಎಂದು ಬರುತ್ತಿತ್ತು. ಗ್ರಿಗೊರಿ ನೆಲ್ಯೂಬೊವ್ ಎಂಬ ಗಗನಯಾತ್ರಿಯನ್ನು ಶಿಸ್ತಿನ ಕಾರಣಕ್ಕೆ ಗುಂಪಿನಿಂದ ತೆಗೆದ ಮೇಲೆ ಹಳೇ ಗುಂಪು ಫೋಟೋದಿಂದ ಅವನ ಮುಖವನ್ನೇ ಅಳಿಸಿಹಾಕಿದರು. ಬದುಕಿದ್ದವನನ್ನೂ ಹೀಗೆ ಮಾಡಿದ ಜನ ಸತ್ತವನ ಸುದ್ದಿ ಹೊರಗೆ ಬಿಡುತ್ತಾರಾ?

ಈಗ ಅಮೆರಿಕಕ್ಕೆ ಬಾ. ಅವರ ನೌಕೆಗಳಲ್ಲಿ ಮೊದಲಿನಿಂದಲೂ ಉಸಿರಾಟಕ್ಕೆ ಬರೀ ಆಮ್ಲಜನಕವನ್ನೇ ತುಂಬುತ್ತಿದ್ದರು. ಅದಕ್ಕೆ ಕಾರಣವೂ ಇತ್ತು. ನಮ್ಮ ಗಾಳಿಯಲ್ಲಿರುವಂತೆ ಸಾರಜನಕವನ್ನೂ ಬೆರೆಸಬೇಕೆಂದರೆ ಇನ್ನೊಂದು ಟ್ಯಾಂಕು, ಇನ್ನಷ್ಟು ಕೊಳವೆ, ಜಾಸ್ತಿ ತೂಕ. ಬಾಹ್ಯಾಕಾಶದಲ್ಲಿ ಒಳಗಿನ ಒತ್ತಡವನ್ನು ನೆಲದ ಮೂರನೇ ಒಂದು ಭಾಗಕ್ಕೆ ಇಳಿಸಿರುತ್ತಾರೆ. ಅಷ್ಟು ಕಡಿಮೆ ಒತ್ತಡದಲ್ಲಿ ಬರೀ ಆಮ್ಲಜನಕವಿದ್ದರೂ ಬೆಂಕಿಯ ಭಯ ಅಷ್ಟಿಲ್ಲ. ಮರ್ಕ್ಯುರಿ, ಜೆಮಿನಿ ನೌಕೆಗಳೆಲ್ಲ ಹಾಗೇ ಹೋಗಿ ಬಂದಿದ್ದವು. ಅಪಾಯ ಇದ್ದದ್ದು ನೆಲದ ಮೇಲಿನ ಪರೀಕ್ಷೆಯಲ್ಲಿ. ಅಲ್ಲಿ ಅದೇ ಆಮ್ಲಜನಕವನ್ನು ಹೊರಗಿನ ಗಾಳಿಗಿಂತಲೂ ತುಸು ಹೆಚ್ಚು ಒತ್ತಡದಲ್ಲಿ ತುಂಬುತ್ತಿದ್ದರು.

1967ರ ಜನವರಿ 27. ಫ್ಲೋರಿಡಾದ ಕೇಪ್ ಕೆನಡಿಯ 34ನೇ ಉಡಾವಣಾ ಕಟ್ಟೆ. ಚಂದ್ರನಿಗೆ ಹೋಗಲೆಂದು ನಡೆಸಿದ ಅಪೊಲೊ ಸರಣಿಯಲ್ಲಿ ಮೊದಲು ಮನುಷ್ಯರು ಹೋಗಬೇಕಿದ್ದ ನೌಕೆ ರಾಕೆಟ್ಟಿನ ತುದಿಯಲ್ಲಿ ಕೂತಿತ್ತು. ರಾಕೆಟ್ಟಿನಲ್ಲಿ ಇಂಧನ ಇರಲಿಲ್ಲ. ಹಾಗಾಗಿ ಅದನ್ನು ಅಪಾಯದ ಪರೀಕ್ಷೆ ಎಂದು ಯಾರೂ ಎಣಿಸಿರಲಿಲ್ಲ. ಮಧ್ಯಾಹ್ನ 1 ಗಂಟೆಗೆ ಮೂವರು ಒಳಗೆ ಹೋಗಿ ಮಲಗಿದರು. ಗಸ್ ಗ್ರಿಸಮ್ ಹಳೇ ಹುಲಿ, ಎರಡು ಸಲ ಹೋಗಿ ಬಂದವನು. ಎಡ್ ವೈಟ್ 1965ರಲ್ಲಿ ನೌಕೆಯಿಂದ ಹೊರಗೆ ಬಂದು ತೇಲಿದ ಮೊದಲ ಅಮೆರಿಕನ್. ವಾಪಸ್ ಒಳಗೆ ಬಾ ಎಂದಾಗ ಇದು ನನ್ನ ಬದುಕಿನ ಅತ್ಯಂತ ದುಃಖದ ಗಳಿಗೆ ಎಂದವನು ಅವನೇ. ರಾಜರ್ ಚಾಫಿಗೆ 31 ವರ್ಷ, ಇನ್ನೂ ಒಮ್ಮೆಯೂ ಹೋಗಿರಲಿಲ್ಲ.

ಅವತ್ತು ಇಡೀ ದಿನ ಒಂದಲ್ಲ ಒಂದು ತೊಂದರೆ. ರೇಡಿಯೋದಲ್ಲಿ ಮಾತು ಸರಿಯಾಗಿ ಕೇಳುತ್ತಿರಲಿಲ್ಲ. ಎರಡು ಮೂರು ಕಟ್ಟಡಗಳ ನಡುವೆಯೇ ಮಾತಾಡಲು ಆಗದಿದ್ದರೆ ಚಂದ್ರನಿಗೆ ಹೋಗುವುದು ಹೇಗೆ ಎಂದು ಗ್ರಿಸಮ್ ರೇಗಿದ. ಸಂಜೆ 6 ಗಂಟೆ 31 ನಿಮಿಷಕ್ಕೆ ಎಲ್ಲೋ ಒಂದು ತಂತಿಯಲ್ಲಿ ಕಿಡಿ ಹಾರಿತು. ಒಳಗೆಲ್ಲ ನೈಲಾನ್ ಬಲೆ, ಸಾಮಾನು ಅಂಟಿಸಲು ವೆಲ್‌ಕ್ರೋ. ಆ ಆಮ್ಲಜನಕದಲ್ಲಿ ಅವೆಲ್ಲ ಧಗ್ಗೆಂದವು. ಬೆಂಕಿ ಎಂಬ ಕೂಗು ಕೇಳಿದ್ದಕ್ಕೂ ದನಿ ನಿಂತದ್ದಕ್ಕೂ ನಡುವೆ ಅರ್ಧ ನಿಮಿಷವೂ ಇಲ್ಲ.

ಆ ನೌಕೆಯ ಬಾಗಿಲಿನ ಬಗ್ಗೆ ಸ್ವಲ್ಪ ಬಿಡಿಸಿ ಹೇಳುತ್ತೇನೆ, ಮಕ್ಕಳಿಗೆ ವಿವರಿಸಲು ನಿನಗೆ ಬೇಕಾಗುತ್ತದೆ. ಅದು ಒಳಮುಖವಾಗಿ ತೆರೆಯುವ ಬಾಗಿಲು. ಮನೆಯಲ್ಲಿ ಮುಚ್ಚಳ ಒಳಗಿನಿಂದ ಕೂರುವ ಕುಕ್ಕರ್ ಇರುತ್ತದಲ್ಲ, ಆವಿ ಇರುವ ತನಕ ಎಷ್ಟೇ ಜಗ್ಗಿದರೂ ಅದು ಬಿಡುವುದಿಲ್ಲ, ಹಾಗೆ. ಬಾಹ್ಯಾಕಾಶದಲ್ಲಿ ಅದೇ ಒಳ್ಳೆಯದು, ಒಳಗಿನ ಗಾಳಿಯೇ ಬಾಗಿಲನ್ನು ಬಿಗಿಹಿಡಿಯುತ್ತದೆ. 1961ರಲ್ಲಿ ಇದೇ ಗ್ರಿಸಮ್ ಸಮುದ್ರಕ್ಕೆ ಇಳಿದಾಗ ಅವನ ಮರ್ಕ್ಯುರಿ ನೌಕೆಯ ಸಿಡಿಯುವ ಬಾಗಿಲು ತಾನಾಗಿಯೇ ಹಾರಿಹೋಗಿ, ನೌಕೆ ಮುಳುಗಿ, ಅವನೂ ಮುಳುಗುವುದರಲ್ಲಿದ್ದ. ತಾನಾಗಿ ತೆರೆದುಕೊಳ್ಳುವ ಬಾಗಿಲು ಬೇಡ ಅನ್ನುವ ಯೋಚನೆಗೆ ಅದೂ ಬಲ ಕೊಟ್ಟಿತ್ತು. ಈಗ ಬೆಂಕಿಯಿಂದ ಒಳಗಿನ ಒತ್ತಡ ಏರಿದಾಗ ಅದೇ ಬಾಗಿಲು ಇನ್ನಷ್ಟು ಬಿಗಿಯಾಯಿತು. ತುರ್ತಿನಲ್ಲಿ ಬಾಗಿಲು ತೆಗೆಯುವ ಕೆಲಸ ವೈಟ್‌ನದು. ಎಲ್ಲ ಸರಿಯಿದ್ದಾಗಲೂ ಅದಕ್ಕೆ ಒಂದು ನಿಮಿಷಕ್ಕಿಂತ ಹೆಚ್ಚು ಬೇಕಿತ್ತು. ಚಾಫಿ ತನಗೆ ಹೇಳಿಕೊಟ್ಟಂತೆ ಸೀಟಿನಲ್ಲೇ ಇದ್ದು ರೇಡಿಯೋ ಸಂಪರ್ಕ ಬಿಡಲಿಲ್ಲ. ಹೊರಗಿನವರು ಹೊಗೆಯಲ್ಲಿ ಕೆಮ್ಮುತ್ತಾ ಬಾಗಿಲು ತೆಗೆಯುವಷ್ಟರಲ್ಲಿ ಐದು ನಿಮಿಷ ಕಳೆದಿತ್ತು.

ಜಾಸ್ತಿ ಆಮ್ಲಜನಕ, ಒಂದು ಕಿಡಿ, ತೆಗೆಯಲಾಗದ ಬಾಗಿಲು. ಮಾಸ್ಕೋದಲ್ಲಿ ಆದದ್ದೇ ಆರು ವರ್ಷದ ನಂತರ ಫ್ಲೋರಿಡಾದಲ್ಲಿ ಆಯಿತು, ಅಲ್ವಾ?

ಬೊಂದಾರೆಂಕೋ ಸುದ್ದಿ ಗೊತ್ತಿದ್ದಿದ್ದರೆ ಈ ಮೂವರು ಉಳಿಯುತ್ತಿದ್ದರಾ? ಖಂಡಿತ ಉಳಿಯುತ್ತಿದ್ದರು ಎಂದು ನಾನು ಹೇಳಲಾರೆ. ಅಮೆರಿಕದ ಪ್ರಯೋಗಾಲಯಗಳಲ್ಲೇ 1962ರಿಂದ ಆಮ್ಲಜನಕ ತುಂಬಿದ ಕೋಣೆಗಳಲ್ಲಿ ಬೆಂಕಿ ಬಿದ್ದದ್ದುಂಟು, ಜನ ಸುಟ್ಟುಕೊಂಡದ್ದುಂಟು. ಆ ಎಚ್ಚರಿಕೆಯನ್ನೇ ಅವರು ಗಟ್ಟಿಯಾಗಿ ಹಿಡಿಯಲಿಲ್ಲ. ಆದರೂ ನನಗೆ ಅನ್ನಿಸುವುದು ಹೀಗೆ: ಒಬ್ಬ ಗಗನಯಾತ್ರಿ ಇದೇ ರೀತಿ ಸತ್ತ ಎಂದು ಪತ್ರಿಕೆಗಳಲ್ಲಿ ಬಂದಿದ್ದರೆ, ಯಾರೋ ಒಬ್ಬ ಎಂಜಿನಿಯರ್ ಸಭೆಯಲ್ಲಿ ಎದ್ದು ನಿಂತು ನಮ್ಮ ನೌಕೆಯ ಗತಿಯೇನು ಎಂದು ಕೇಳುತ್ತಿದ್ದ. ಕೇಳುವ ಅವಕಾಶವಾದರೂ ಸಿಗುತ್ತಿತ್ತು. ಬಚ್ಚಿಟ್ಟವರು ಅದನ್ನು ಕಿತ್ತುಕೊಂಡರು. ಇದನ್ನು ನೆನೆದಾಗಲೆಲ್ಲ ನನಗೆ ಸಿಟ್ಟು ಬರುತ್ತದೆ.

ಅಮೆರಿಕದ ದುರಂತ ಬಹಿರಂಗವಾಗಿಯೇ ಆಯಿತು. ಸಂಸತ್ತಿನಲ್ಲಿ ವಿಚಾರಣೆ ನಡೆಯಿತು, ವರದಿ ಹೊರಬಂತು. ಮಾಸ್ಕೋದವರು ಅದನ್ನು ಓದಿರುತ್ತಾರೆ. ಆದರೆ ಅವರ ಸೊಯುಜ್ ನೌಕೆಗೂ ಅಂಥದೇ ಅವಸರ ಹಿಡಿದಿತ್ತು. ಮನುಷ್ಯರಿಲ್ಲದೆ ಮಾಡಿದ ಮೂರು ಪರೀಕ್ಷೆಗಳಲ್ಲಿ ಒಂದೂ ಸರಿಯಾಗಿರಲಿಲ್ಲ. ಮೇ ದಿನ ಹತ್ತಿರ ಬರುತ್ತಿತ್ತು, ಕ್ರಾಂತಿಯ 50ನೇ ವರ್ಷ ಬೇರೆ. 1967ರ ಏಪ್ರಿಲ್ 23ರಂದು ವ್ಲದಿಮಿರ್ ಕೊಮರೊವ್‌ನನ್ನು ಕಳಿಸಿಯೇ ಬಿಟ್ಟರು. ಅವನಿಗೆ ಏನಾದರೂ ಆದರೆ ಬದಲಿಗೆ ಹೋಗಬೇಕಿದ್ದವನು ಗಗಾರಿನ್.

ಮೇಲೆ ಹೋದ ಕೂಡಲೇ ಒಂದು ಸೌರಫಲಕ ಬಿಚ್ಚಿಕೊಳ್ಳಲಿಲ್ಲ. ಕರೆಂಟು ಸಾಲದು, ನೌಕೆ ಹೇಳಿದ ಹಾಗೆ ಕೇಳುತ್ತಿಲ್ಲ. ಮರುದಿನ ಮೂವರನ್ನು ಹೊತ್ತ ಇನ್ನೊಂದು ಸೊಯುಜ್ ಹೋಗಿ ಇದಕ್ಕೆ ಜೋಡಿಸಿಕೊಳ್ಳಬೇಕಿತ್ತು. ಅದನ್ನು ರದ್ದು ಮಾಡಿ ಕೊಮರೊವ್‌ಗೆ ಇಳಿದು ಬಾ ಎಂದರು. ಕೈಯಿಂದಲೇ ನೌಕೆಯನ್ನು ಹದಕ್ಕೆ ತಂದು ಅವನು ವಾತಾವರಣದೊಳಗೆ ಬಂದದ್ದು ದೊಡ್ಡ ಕೆಲಸ. ಆಮೇಲೆ ಮುಖ್ಯ ಪ್ಯಾರಾಚೂಟ್ ಡಬ್ಬಿಯಿಂದ ಹೊರಗೇ ಬರಲಿಲ್ಲ. ಮೀಸಲು ಪ್ಯಾರಾಚೂಟ್, ಮುಖ್ಯದ್ದನ್ನು ಎಳೆಯಲೆಂದು ಮೊದಲೇ ಬಿಚ್ಚಿಕೊಂಡಿದ್ದ ಚಿಕ್ಕ ಪ್ಯಾರಾಚೂಟಿನ ಹಗ್ಗಕ್ಕೆ ಸುತ್ತಿಕೊಂಡಿತು. ನೌಕೆ ಓರ್ಸ್ಕ್ ಹತ್ತಿರ ನೆಲಕ್ಕೆ ಅಪ್ಪಳಿಸಿತು. ರದ್ದಾದ ಆ ಎರಡನೇ ನೌಕೆಯಲ್ಲೂ ಅದೇ ದೋಷ ಇತ್ತು. ಸೌರಫಲಕ ಸರಿಯಾಗಿ ಬಿಚ್ಚಿಕೊಂಡಿದ್ದರೆ ಇನ್ನೂ ಮೂವರು ಸಾಯುತ್ತಿದ್ದರು. ಗಗಾರಿನ್ ಮರುವರ್ಷ ಮಾರ್ಚ್ 27ರಂದು ಮಿಗ್ ತರಬೇತಿ ವಿಮಾನ ಬಿದ್ದು ಸತ್ತ. ಆಗಿನ್ನೂ ಅವನಿಗೆ 34.

ಅಮೆರಿಕದವರು ನೌಕೆಯನ್ನು ಬಿಚ್ಚಿ ಮತ್ತೆ ಕಟ್ಟಿದರು. ಕೆಲವೇ ಸೆಕೆಂಡಿನಲ್ಲಿ ಹೊರಮುಖವಾಗಿ ತೆರೆಯುವ ಬಾಗಿಲು ಬಂತು. ಸುಲಭಕ್ಕೆ ಬೆಂಕಿ ಹತ್ತದ ಬಟ್ಟೆ ಬಂತು. ಉಡಾವಣೆಯ ಹೊತ್ತಿಗೆ ಒಳಗೆ 60 ಪಾಲು ಆಮ್ಲಜನಕ, 40 ಪಾಲು ಸಾರಜನಕ ಎಂದಾಯಿತು. ಸುಮಾರು 20 ತಿಂಗಳು ಒಬ್ಬರನ್ನೂ ಮೇಲಕ್ಕೆ ಕಳಿಸಲಿಲ್ಲ. ಆಮೇಲಿನದು ಮಕ್ಕಳಿಗೂ ಗೊತ್ತಿರುವ ಕಥೆ: 1968ರ ಡಿಸೆಂಬರಿನಲ್ಲಿ ಚಂದ್ರನ ಸುತ್ತ ಹೋಗಿಬಂದ ಅಪೊಲೊ 8, 1969ರ ಜುಲೈ 20ರಂದು ಇಳಿದ ಅಪೊಲೊ 11. ಅಪೊಲೊ 8ಕ್ಕೂ ಮೊದಲೇ, ಸೆಪ್ಟೆಂಬರಿನಲ್ಲಿ, ಸೋವಿಯತ್ತಿನ ಜೊಂದ್ 5 ಎರಡು ಆಮೆಗಳನ್ನು ಚಂದ್ರನ ಸುತ್ತ ಒಯ್ದು ನಮ್ಮ ಹಿಂದೂ ಮಹಾಸಾಗರದಲ್ಲೇ ಬಂದು ಬಿದ್ದಿತ್ತು. ಇದನ್ನು ಮರೆಯದೆ ಹೇಳು, ಮಕ್ಕಳಿಗೆ ತುಂಬಾ ಇಷ್ಟವಾಗುತ್ತದೆ.

ಅಪೊಲೊ 11ರಲ್ಲಿ ನನಗೆ ಎಲ್ಲಕ್ಕಿಂತ ಪ್ರಿಯವಾದ ಗಳಿಗೆ ಆ ಮೊದಲ ಹೆಜ್ಜೆ ಅಲ್ಲ, ಇನ್ನೊಂದು. ಚಂದ್ರನ ಮೇಲಿನ ನಡಿಗೆ ಮುಗಿದಿತ್ತು. ಬಜ್ ಆಲ್ಡ್ರಿನ್ ಏಣಿ ಹತ್ತುತ್ತಿದ್ದ. ಕೆಳಗಿನಿಂದ ಆರ್ಮ್‌ಸ್ಟ್ರಾಂಗ್ ಕೇಳಿದ, ನಿನ್ನ ತೋಳಿನ ಜೇಬಲ್ಲಿದ್ದ ಆ ಪೊಟ್ಟಣ ಏನಾಯಿತು ಎಂದು. ಆಲ್ಡ್ರಿನ್‌ಗೆ ಅದು ಮರೆತೇ ಹೋಗಿತ್ತು. ಏಣಿಯಿಂದಲೇ ಕೆಳಗೆ ಹಾಕಿದ. ಆರ್ಮ್‌ಸ್ಟ್ರಾಂಗ್ ಅದನ್ನು ಕಾಲಿನಿಂದ ಸ್ವಲ್ಪ ಸರಿಸಿದ. ಪೊಟ್ಟಣದಲ್ಲಿ ಗ್ರಿಸಮ್, ವೈಟ್, ಚಾಫಿ ಅವರ ಅಪೊಲೊ 1 ಲಾಂಛನ ಇತ್ತು. ಗಗಾರಿನ್ ಮತ್ತು ಕೊಮರೊವ್ ಅವರ ಪದಕಗಳಿದ್ದವು. ಹಲವು ದೇಶಗಳ ನಾಯಕರ ಸಂದೇಶಗಳನ್ನು ಸಣ್ಣಕ್ಷರದಲ್ಲಿ ಕೆತ್ತಿದ ಒಂದು ಪುಟ್ಟ ತಟ್ಟೆಯೂ ಇತ್ತು, ಅದರಲ್ಲಿ ಇಂದಿರಾ ಗಾಂಧಿಯವರದೂ ಒಂದು. ಶೀತಲ ಸಮರದ ನಟ್ಟನಡುವೆ ಅಮೆರಿಕದವರು ಇಬ್ಬರು ಸೋವಿಯತ್ ಗಗನಯಾತ್ರಿಗಳ ಪದಕವನ್ನು ಚಂದ್ರನ ತನಕ ಹೊತ್ತುಕೊಂಡು ಹೋದರು ನೋಡು. ಸರ್ಕಾರಗಳ ಜಗಳ ಏನೇ ಇರಲಿ, ಆ ಕೆಲಸದ ಭಯ ಎಂಥದು ಎಂದು ಈ ಪೈಲಟ್‌ಗಳಿಗೆ ಗೊತ್ತಿತ್ತು.

ಎರಡು ವರ್ಷದ ನಂತರ, 1971ರ ಆಗಸ್ಟ್ ಮೊದಲ ವಾರದಲ್ಲಿ, ಅಪೊಲೊ 15ರ ಡೇವಿಡ್ ಸ್ಕಾಟ್ ಇನ್ನೊಂದು ಕೆಲಸ ಮಾಡಿದ. ಚಂದ್ರನ ಮೇಲಿನ ಹ್ಯಾಡ್ಲಿ ಕಣಿವೆಯ ಹತ್ತಿರ, ತನ್ನ ರೋವರ್ ಗಾಡಿ ನಿಲ್ಲಿಸಿದ್ದಲ್ಲಿ, ಅಂಗೈಗಿಂತ ಚಿಕ್ಕದಾದ ಅಲ್ಯೂಮಿನಿಯಂ ಬೊಂಬೆಯೊಂದನ್ನು ಮಲಗಿಸಿದ. ಅದರ ಪಕ್ಕ ಒಂದು ಫಲಕ. ಫಲಕದ ಮೇಲೆ ತೀರಿಕೊಂಡ ಗಗನಯಾತ್ರಿಗಳ 14 ಹೆಸರು, ಎಂಟು ಅಮೆರಿಕದವು, ಆರು ಸೋವಿಯತ್ತಿನವು. ದೇಶ ಇಲ್ಲ, ಪದವಿ ಇಲ್ಲ, ಬರೀ ಅಕ್ಷರಮಾಲೆಯ ಕ್ರಮ. ಗಗಾರಿನ್ ಆದ ಮೇಲೆ ಗಿವೆನ್ಸ್, ಗಿವೆನ್ಸ್ ಆದ ಮೇಲೆ ಗ್ರಿಸಮ್, ಆಮೇಲೆ ಕೊಮರೊವ್. ತಾವು ಹೋಗಬೇಕಿದ್ದ ಜೆಮಿನಿ 9 ನೌಕೆ ತಯಾರಾಗುತ್ತಿದ್ದ ಕಟ್ಟಡಕ್ಕೇ ವಿಮಾನ ಬಡಿದು 1966ರಲ್ಲಿ ಸತ್ತ ಎಲಿಯಟ್ ಸೀ ಮತ್ತು ಚಾರ್ಲ್ಸ್ ಬಾಸೆಟ್ ಅದರಲ್ಲಿದ್ದಾರೆ. ಸ್ಕಾಟ್ ಹೊರಡುವುದಕ್ಕೆ ಒಂದು ತಿಂಗಳು ಕೂಡ ಇರಲಿಲ್ಲ, ಸೊಯುಜ್ 11 ವಾಪಸ್ ಬರುವಾಗ ಗಾಳಿ ಸೋರಿಹೋಗಿ ದೊಬ್ರೊವೊಲ್ಸ್ಕಿ, ವೊಲ್ಕೊವ್, ಪತ್ಸಾಯೆವ್ ಸತ್ತಿದ್ದರು. ಅವರ ಹೆಸರುಗಳೂ ಇವೆ.

ಬೊಂದಾರೆಂಕೋ ಹೆಸರಿಲ್ಲ. ಸ್ಕಾಟ್‌ಗೆ ಗೊತ್ತಿದ್ದರೆ ತಾನೆ?

1975ರ ಜುಲೈ 17ರಂದು ಅಪೊಲೊ ಮತ್ತು ಸೊಯುಜ್ ಮೇಲೆ ಜೋಡಿಸಿಕೊಂಡವು. 1965ರಲ್ಲಿ ಬಾಹ್ಯಾಕಾಶದಲ್ಲಿ ಮೊದಲು ತೇಲಿದ ಅಲೆಕ್ಸೆಯ್ ಲಿಯೊನೊವ್ ಮತ್ತು ಅಮೆರಿಕದ ಟಾಮ್ ಸ್ಟಾಫರ್ಡ್ ಕೈ ಕುಲುಕಿದರು. ಅದು ಆಗಬೇಕಾದರೆ ಮೊದಲು ಗಾಳಿಯ ಲೆಕ್ಕವೇ ಸರಿಹೋಗಬೇಕಿತ್ತು. ಸೊಯುಜ್ ಒಳಗೆ ನಮ್ಮ ನೆಲದ ಗಾಳಿ, ಅಪೊಲೊ ಒಳಗೆ ಕಡಿಮೆ ಒತ್ತಡದ ಆಮ್ಲಜನಕ. ಸೊಯುಜ್‌ನವರು ಒತ್ತಡ ಇಳಿಸಿದರು, ಅಮೆರಿಕದವರು ನಡುವೆ ಒಂದು ಚಿಕ್ಕ ಕೋಣೆ ಕಟ್ಟಿದರು. ವರ್ಷಗಟ್ಟಲೆ ಎರಡೂ ಕಡೆಯ ಎಂಜಿನಿಯರುಗಳು ಒಂದೇ ಮೇಜಿಗೆ ಕೂತು ನಕ್ಷೆ ಹರಡಿ ಮಾತಾಡಿದರು. ಸೊಯುಜ್ 11ರಲ್ಲಿ ಆದದ್ದೇನು ಎಂದು ಅಮೆರಿಕದವರಿಗೆ ವಿವರವಾಗಿ ಹೇಳಿದ್ದೂ ಆ ಹೊತ್ತಿನಲ್ಲೇ. ಹೇಳಿದರೆ ಆಕಾಶವೇನೂ ಕಳಚಿ ಬೀಳಲಿಲ್ಲ. ಆದರೂ ಬೊಂದಾರೆಂಕೋ ವಿಷಯ ಜಗತ್ತಿನ ಮುಂದೆ ಬರಲು ಇನ್ನೂ 11 ವರ್ಷ ಬೇಕಾಯಿತು. 1986ರಲ್ಲಿ ಇಜ್ವೆಸ್ತಿಯಾ ಎಂಬ ಸೋವಿಯತ್ ಪತ್ರಿಕೆ ಅದನ್ನು ಬರೆಯಿತು. ಅಷ್ಟರಲ್ಲಿ ಅವನು ತೀರಿಕೊಂಡು 25 ವರ್ಷ ಆಗಿತ್ತು. ಈಗ ಚಂದ್ರನ ಆ ಬದಿಯ, ನಮಗೆ ಕಾಣದ ಒಂದು ಕುಳಿಗೆ ಅವನ ಹೆಸರಿದೆ.

ನಮ್ಮ ಗಗನಯಾನಕ್ಕೆ ಆಯ್ಕೆಯಾದ ನಾಲ್ವರು ಪೈಲಟ್‌ಗಳು ಮಾಸ್ಕೋ ಬಳಿಯ ಗಗಾರಿನ್ ಹೆಸರಿನ ಕೇಂದ್ರದಲ್ಲೇ ತರಬೇತಿ ಪಡೆದು ಬಂದವರು, ಆಮೇಲೆ ನಮ್ಮ ಬೆಂಗಳೂರಿನಲ್ಲೂ ತರಬೇತಿ ಮುಂದುವರಿಸಿದವರು. ಅದಕ್ಕೇ ಇದು ನನಗೆ ಬರೀ ಹಳೇ ಕಥೆ ಅನ್ನಿಸುವುದಿಲ್ಲ. ಇಂಥ ಕೆಲಸದಲ್ಲಿ ಏನಾದರೂ ಎಡವಟ್ಟಾದರೆ, ಸಣ್ಣದಿರಲಿ ದೊಡ್ಡದಿರಲಿ, ಅದು ಎಲ್ಲರಿಗೂ ಗೊತ್ತಾಗಬೇಕು ಎಂದು ನಾನು ಗಟ್ಟಿಯಾಗಿ ನಂಬುತ್ತೇನೆ. ಇದರಲ್ಲಿ ನೀನು ಬೇರೆ ಅಭಿಪ್ರಾಯದವನಾದರೆ ಬರಿ, ವಾದ ಮಾಡೋಣ.

ನಿನ್ನ ಮಕ್ಕಳಿಗೆ ಚಂದ್ರನ ಪಾಠ ಮಾಡುವಾಗ ಆರ್ಮ್‌ಸ್ಟ್ರಾಂಗ್, ಗಗಾರಿನ್ ಹೆಸರುಗಳ ಜೊತೆ ಬೊಂದಾರೆಂಕೋ ಹೆಸರನ್ನೂ ಬೋರ್ಡಿನ ಮೇಲೆ ಬರೆ. ಬಾಗಿಲಿನ ಚಿತ್ರವನ್ನೂ ಹಾಕಿ ತೋರಿಸು. ಆಮೇಲೆ ಅವರು ಏನೇನು ಕೇಳಿದರು ಎಂದು ನನಗೆ ತಿಳಿಸು. ದಸರಾ ರಜೆಗೆ ಬರುತ್ತೀಯಾ ಹೇಗೆ? ಮನೆಯಲ್ಲಿ ಎಲ್ಲರಿಗೂ ನಮಸ್ಕಾರ ಹೇಳು.

ಇತಿ ನಿನ್ನ,
ಶ್ರೀಧರ